ದವಾಖಾನೆಯ ಮೇಜಿನಿಂದ ಪಾಲಿಕೆಯ ಸಭೆಗೆ: ಡೊಂಬಿವಲಿಯ ವೈದ್ಯರೊಬ್ಬರಿಗೆ ಉತ್ತರ

ಪ್ರಶ್ನೆ: "ನನಗೆ 53 ವರ್ಷ. ಕುಂದಾಪುರದ ಕಡೆಯವನು. ಡೊಂಬಿವಲಿ ಪೂರ್ವದಲ್ಲಿ 24 ವರ್ಷಗಳಿಂದ ಸ್ವಂತ ದವಾಖಾನೆ ನಡೆಸುತ್ತಿದ್ದೇನೆ. ಕೌಂಟರಿನಲ್ಲಿ ನನ್ನ ಹೆಂಡತಿಯೇ ಕೂರುತ್ತಾಳೆ. ಹನ್ನೊಂದು ವರ್ಷಗಳಿಂದ ಕನ್ನಡ ಪತ್ರಿಕೆಯೊಂದಕ್ಕೆ ವಾರಕ್ಕೊಮ್ಮೆ ಆರೋಗ್ಯ ಅಂಕಣ ಬರೆಯುತ್ತೇನೆ. ಈಗ ಪಕ್ಷವೊಂದರವರು ಪಾಲಿಕೆ ಚುನಾವಣೆಗೆ ನಿಲ್ಲಿ ಎಂದು ಎರಡು ಬಾರಿ ಮನೆಗೆ ಬಂದು ಹೋಗಿದ್ದಾರೆ. ರಾಜಕೀಯಕ್ಕೆ ಇಳಿದರೆ ಮೆಡಿಕಲ್ ಕೌನ್ಸಿಲ್‌ನವರು ರಿಜಿಸ್ಟ್ರೇಷನ್ ಕಿತ್ತುಕೊಳ್ಳುತ್ತಾರೆ ಎಂದು ಹಿರಿಯ ವೈದ್ಯರೊಬ್ಬರು ಹೆದರಿಸುತ್ತಾರೆ. ನಿಮ್ಮ ಅಂಕಣ ಓದುವವರು ಮತ ಹಾಕಿದರೇ ಸಾಕು, ಗೆದ್ದಂತೆ ಎಂದು ಸಂಘದ ಗೆಳೆಯರು ಹುರಿದುಂಬಿಸುತ್ತಾರೆ. ಹೆಂಡತಿ ಬೇಡ ಎನ್ನುತ್ತಾಳೆ, ಕಾರಣ ಕೇಳಿದರೆ ಹೇಳುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಅದೇ ಗಲ್ಲಿಗಳಿಂದ ಅದೇ ಜ್ವರದವರು ಬರುತ್ತಾರೆ. ಮಾತ್ರೆ ಕೊಟ್ಟು ಕೊಟ್ಟು ಬೇಸರವಾಗಿದೆ. ದವಾಖಾನೆ, ಅಂಕಣ, ರಾಜಕೀಯ ಮೂರನ್ನೂ ಒಟ್ಟಿಗೆ ನಡೆಸಬಹುದೇ? ನೀವು ಮೂರನ್ನೂ ಮಾಡಿದವರು. ಮುಚ್ಚುಮರೆಯಿಲ್ಲದೆ ಹೇಳಿ."

ಉತ್ತರ: ಡಾಕ್ಟರೇ, ನೀವು ಕೇಳಿರುವುದರಲ್ಲಿ ಕಾನೂನಿನ ಭಾಗ ಸುಲಭ, ಅದನ್ನು ಬೇಗ ಮುಗಿಸುತ್ತೇನೆ. ನನ್ನ ಕಣ್ಣು ನಿಂತದ್ದು "ಮಾತ್ರೆ ಕೊಟ್ಟು ಕೊಟ್ಟು ಬೇಸರವಾಗಿದೆ" ಎಂಬ ಸಾಲಿನಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲಿನ ವಾರಗಳಲ್ಲಿ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರದವರು ನನ್ನ ದವಾಖಾನೆಯ ಮೆಟ್ಟಿಲಿನ ಮೇಲೆ ಸಾಲುಗಟ್ಟಿ ಕೂತಿದ್ದರು. ಆಗ ನನಗೂ ಇದೇ ಬೇಸರ ಬಂದಿತ್ತು. 2007ರಲ್ಲಿ ಮುಂಬಯಿಯ ಪೂರ್ವ ಉಪನಗರದ ಒಂದು ವಾರ್ಡಿನಿಂದ ಗೆದ್ದೆ, 2012ರಲ್ಲಿ ಸೋತೆ. ಅಂಕಣ ಹತ್ತೊಂಬತ್ತು ವರ್ಷ ನಡೆಯಿತು, ನಡುವೆ ನಿಂತದ್ದೂ ಸೇರಿ. ಹಾಗಾಗಿ ಈ ಉತ್ತರದಲ್ಲಿ ಅರ್ಧ ನಿಯಮ, ಅರ್ಧ ನಾನು ತಿಂದ ಪೆಟ್ಟು.

ಮೊದಲು ರಿಜಿಸ್ಟ್ರೇಷನ್. ಸ್ವಂತ ದವಾಖಾನೆ ಇಟ್ಟುಕೊಂಡ ವೈದ್ಯ ಚುನಾವಣೆಗೆ ನಿಲ್ಲಬಾರದು ಎಂಬ ನಿಯಮ ಇಲ್ಲ. ಸರ್ಕಾರದ ಅಥವಾ ಪಾಲಿಕೆಯ ಸಂಬಳ ಪಡೆಯುವ ವೈದ್ಯರು ರಾಜೀನಾಮೆ ಕೊಡದೆ ನಿಲ್ಲುವಂತಿಲ್ಲ. ನಿಮ್ಮ ಹಿರಿಯರು ಬಹುಶಃ ಅದನ್ನು ಎಲ್ಲೋ ಕೇಳಿ ಎಲ್ಲರಿಗೂ ಅಂಟಿಸಿದ್ದಾರೆ. ಬಿಧಾನ್ ಚಂದ್ರ ರಾಯ್ 1948ರಿಂದ 1962ರಲ್ಲಿ ತೀರಿಕೊಳ್ಳುವ ತನಕ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದರು, ಆ ಕುರ್ಚಿಯಲ್ಲಿದ್ದುಕೊಂಡೇ ರೋಗಿಗಳನ್ನೂ ನೋಡುತ್ತಿದ್ದರು. ಗೋವೆಯಲ್ಲಿ ಶಸ್ತ್ರಚಿಕಿತ್ಸಕ ವಿಲ್ಫ್ರೆಡ್ ಡಿಸೋಜಾ ಮುಖ್ಯಮಂತ್ರಿಯಾದರು. ಯಾರ ರಿಜಿಸ್ಟ್ರೇಷನ್ನೂ ಹೋಗಲಿಲ್ಲ.

ಅಂಕಣದ ಮಾತು ಸ್ವಲ್ಪ ನಾಜೂಕು. ನಮ್ಮನ್ನು ಆಳುವುದು 2002ರ ವೃತ್ತಿ ನಡಾವಳಿ ನಿಯಮಗಳು. 2023ರ ಆಗಸ್ಟಿನಲ್ಲಿ ಹೊಸ ನಿಯಮಗಳನ್ನು ತಂದರು, ಮೂರು ವಾರದೊಳಗೆ ತಡೆಹಿಡಿದು ಹಳೆಯದಕ್ಕೇ ಮರಳಿದರು. ಆ ಹಳೆಯ ನಿಯಮಗಳ 7.11ನೆಯ ಕಲಮು ಹೇಳುವುದಿಷ್ಟು: ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯದ ಬಗ್ಗೆ ವೈದ್ಯ ತನ್ನ ಹೆಸರಿನಲ್ಲೇ ಪತ್ರಿಕೆಗೆ ಬರೆಯಬಹುದು, ರೇಡಿಯೋ ಮತ್ತು ಟಿವಿಯಲ್ಲಿ ಮಾತನಾಡಬಹುದು, ಆದರೆ ರೋಗ ಮತ್ತು ಚಿಕಿತ್ಸೆಯ ಬರಹ ತನ್ನ ಜಾಹೀರಾತಾಗಬಾರದು, ರೋಗಿಗಳನ್ನು ತನ್ನ ಬಾಗಿಲಿಗೆ ಎಳೆಯಬಾರದು. ಡೆಂಗಿ ಬಗ್ಗೆ ಬರೆದರೆ ತಕರಾರಿಲ್ಲ. ಕೆಳಗೆ ದವಾಖಾನೆಯ ವಿಳಾಸ, ಫೋನ್ ನಂಬರು, "ಸಂಜೆ ಆರರಿಂದ ಒಂಬತ್ತು" ಎಂದು ಹಾಕಿದರೆ ಇದೆ. ನಿಮ್ಮ ಅಂಕಣದ ತುಣುಕುಗಳನ್ನು ಪತ್ರದ ಜೊತೆ ಕಳುಹಿಸಿದ್ದೀರಿ, ಕೊನೆಯ ಸಾಲಿನಲ್ಲಿ ಮೊಬೈಲ್ ನಂಬರಿದೆ. ಚುನಾವಣೆಗೆ ನಿಂತರೂ ನಿಲ್ಲದಿದ್ದರೂ ಅದನ್ನು ಈ ವಾರವೇ ತೆಗೆಸಿ.

ನಿಮ್ಮ ಸಂಘದ ಗೆಳೆಯರ ಲೆಕ್ಕ ಮಾತ್ರ ನನಗೆ ನಗು ತರಿಸಿತು. ನಾನೂ ಅದೇ ಲೆಕ್ಕ ಹಾಕಿದ್ದೆ. ಕನ್ನಡ ಪತ್ರಿಕೆಯ ಓದುಗರು ಚರ್ಚ್‌ಗೇಟಿನಿಂದ ವಿರಾರ್ ತನಕ, ಇತ್ತ ಕಲ್ಯಾಣ ದಾಟಿ ಬದ್ಲಾಪುರದ ತನಕ ಚದುರಿಹೋಗಿದ್ದಾರೆ. ಮತ ಹಾಕುವವರು ಮಾತ್ರ ನಾಲ್ಕಾರು ಬೀದಿಗಳೊಳಗೆ ಇರುವವರು. ಮಾಟುಂಗದಿಂದ "ನಿಮ್ಮ ಅಂಕಣ ಇಟ್ಟುಕೊಂಡಿದ್ದೇನೆ ಡಾಕ್ಟರೇ" ಎಂದು ಫೋನ್ ಮಾಡುವ ಅಜ್ಜಿಯ ಹೆಸರು ನಿಮ್ಮ ಮತದಾರರ ಪಟ್ಟಿಯಲ್ಲಿರುವುದಿಲ್ಲ. ನಿಮ್ಮ ಪಟ್ಟಿಯಲ್ಲಿರುವ ಮರಾಠಿ ಮನೆಗಳಿಗೆ ನೀವು ಗೊತ್ತಿರುವುದು ಅಂಕಣದಿಂದಲ್ಲ, ರಾತ್ರಿ ಹನ್ನೊಂದಕ್ಕೂ ಬಾಗಿಲು ತೆರೆದದ್ದರಿಂದ. ಅದು ದೊಡ್ಡ ಬಂಡವಾಳ ಹೌದು. ಆದರೆ ಅದನ್ನು ಕೂಡಿಟ್ಟದ್ದು ಬೇರೆ ಕೆಲಸಕ್ಕೆ.

ಇನ್ನೊಂದು ಸಂಗತಿ ಪಕ್ಷದವರು ನಿಮಗೆ ಹೇಳಿರಲಾರರು. ಮುಂಬಯಿಯಲ್ಲಿ 227 ವಾರ್ಡು, ವಾರ್ಡಿಗೊಬ್ಬ ನಗರಸೇವಕ, ಅಂದರೆ ಕಾರ್ಪೊರೇಟರ್. ರಾಜ್ಯದ ಉಳಿದ ಮಹಾನಗರ ಪಾಲಿಕೆಗಳಲ್ಲಿ ಪ್ಯಾನೆಲ್ ಪದ್ಧತಿ, ಒಂದು ಪ್ರಭಾಗಕ್ಕೆ, ಅಂದರೆ ದೊಡ್ಡ ವಾರ್ಡಿಗೆ, ಸಾಮಾನ್ಯವಾಗಿ ನಾಲ್ವರು. ಡೊಂಬಿವಲಿಯಲ್ಲಿ ನೀವು ಒಬ್ಬರೇ ನಿಲ್ಲುವುದಿಲ್ಲ. ಇನ್ನು ಮೂವರ ಜೊತೆ ಒಂದೇ ಬ್ಯಾನರಿನಲ್ಲಿ ಕೈ ಮುಗಿದು ನಿಲ್ಲುತ್ತೀರಿ. ಸ್ವಚ್ಛ ಹೆಸರಿನ ಡಾಕ್ಟರೊಬ್ಬರು ಪ್ಯಾನೆಲಿನಲ್ಲಿದ್ದರೆ ಉಳಿದವರ ಮೇಲಿನ ಕೊಳೆ ಅಷ್ಟಾಗಿ ಕಾಣುವುದಿಲ್ಲ. ನಿಮ್ಮ ಮನೆಗೆ ಎರಡು ಬಾರಿ ಬಂದವರು ಆ ಮೂವರ ಹೆಸರು ಹೇಳಿದರೇ? ಹೇಳಿರದಿದ್ದರೆ ಮೊದಲು ಅದನ್ನು ಕೇಳಿ. ಮೀಸಲಾತಿಯ ಚೀಟಿ ಎತ್ತಿದ ಮೇಲೆ ನಿಮ್ಮ ಜಾಗವೇ ಮಹಿಳೆಯರಿಗೆ ಹೋದರೆ, "ಪರವಾಗಿಲ್ಲ ಡಾಕ್ಟರ್, ವಹಿನಿಯವರನ್ನು ನಿಲ್ಲಿಸೋಣ" ಎನ್ನುತ್ತಾರೆ, ವಹಿನಿ ಎಂದರೆ ಅತ್ತಿಗೆ, ಅಂದರೆ ನಿಮ್ಮ ಹೆಂಡತಿ. ಇಲ್ಲಿನ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರದು, ಆದ್ದರಿಂದ ಇದು ತಮಾಷೆಯ ಮಾತಲ್ಲ.

ಹಿಂದುಳಿದ ವರ್ಗದ ಸ್ಥಾನದಿಂದ ನಿಲ್ಲಿಸುವ ಮಾತು ಬಂದರೆ ನೆನಪಿಡಿ: ಊರಿನ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ನಿಮ್ಮ ಕುಟುಂಬ 1967ಕ್ಕೂ ಮೊದಲೇ ಮಹಾರಾಷ್ಟ್ರದಲ್ಲಿ ನೆಲೆಸಿತ್ತು ಎಂಬುದಕ್ಕೆ ಕಾಗದ ಬೇಕು, ಆಮೇಲೆ ಅದು ಸಾಚಾ ಎಂಬುದರ ಪರಿಶೀಲನೆ ಆಗಬೇಕು. ದಕ್ಷಿಣ ಕನ್ನಡ, ಉಡುಪಿಯಿಂದ ಬಂದ ಎಷ್ಟೋ ಜನ ಗೆದ್ದ ಮೇಲೂ ಈ ಒಂದು ಕಾಗದಕ್ಕೆ ಹೆದರುತ್ತಾ ಕಾಲ ಕಳೆಯಬೇಕಾಗುತ್ತದೆ. ಪಾಲಿಕೆಯ ಜೊತೆ ನಿಮ್ಮದೋ ನಿಮ್ಮ ಪಾಲುದಾರರದೋ ಯಾವುದಾದರೂ ಗುತ್ತಿಗೆಯಿದ್ದರೆ, ಲ್ಯಾಬಿನದ್ದಾಗಲಿ ಔಷಧದ್ದಾಗಲಿ, ಅದರಿಂದಲೂ ಅನರ್ಹತೆ ಬರುತ್ತದೆ. ದವಾಖಾನೆಯಲ್ಲಿ ಅನುಮತಿಯಿಲ್ಲದೆ ಏರಿಸಿದ ಅಟ್ಟವೋ ಮುಂದಕ್ಕೆ ಚಾಚಿದ ಶೆಡ್ಡೋ ಇದ್ದರೆ ಅದೂ ಕುತ್ತು. ಅನಧಿಕೃತ ಕಟ್ಟೋಣ ನಗರಸೇವಕನ ಸ್ಥಾನವನ್ನೇ ಕಳೆಯಬಲ್ಲದು. ಡೊಂಬಿವಲಿಯಲ್ಲಿ ಅಟ್ಟವಿಲ್ಲದ ದವಾಖಾನೆ ನಾನಂತೂ ಕಂಡಿಲ್ಲ. ಒಳ್ಳೆಯ ವಕೀಲರಿಗೆ ಇದೆಲ್ಲ ಒಂದು ಮಧ್ಯಾಹ್ನದ ಕೆಲಸ, ತೋರಿಸಿ ಬನ್ನಿ.

ಕಾನೂನು ಇಲ್ಲಿಗೆ ಸಾಕು. ನಿಜವಾದ ಅಪಾಯ ಕೌನ್ಸಿಲಿನ ಕಡೆಯಿಂದ ಬರುವುದಿಲ್ಲ. ಅದು ನಿಮ್ಮ ಮೇಜಿನ ಡ್ರಾಯರಿನಲ್ಲಿದೆ.

2012ರ ಚುನಾವಣೆಗೆ ಮೊದಲು ನಮ್ಮ ಪಕ್ಷದ ಹುಡುಗನೊಬ್ಬ ಪೆನ್ ಡ್ರೈವ್ ಹಿಡಿದುಕೊಂಡು ದವಾಖಾನೆಗೆ ಬಂದ. "ಮ್ಯಾಡಮ್, ನಿಮ್ಮ ಬಳಿ ಆರೇಳು ಸಾವಿರ ನಂಬರುಗಳಿವೆಯಲ್ಲ, ಕೊಟ್ಟರೆ ಕೆಲಸ ಸುಲಭವಾಗುತ್ತದೆ" ಎಂದ. ರೋಗಿಗಳ ನಂಬರು ಕೊಡುವುದಿಲ್ಲ ಎಂದು ಬೈದು ಕಳುಹಿಸಿದೆ. ಆ ದಿನ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು. ಆದರೆ ಮೂರು ದಿನ ಬಿಟ್ಟು, ನನ್ನದೇ ಮೊಬೈಲಿನಿಂದ, ನನ್ನದೇ ಹೆಸರಿನಲ್ಲಿ, ಆ ಎಲ್ಲ ನಂಬರುಗಳಿಗೂ ಸಂಕ್ರಾಂತಿಯ ಶುಭಾಶಯ ಕಳುಹಿಸಿದೆ. ಪಕ್ಷದ ಹೆಸರಿಲ್ಲ, ಚಿಹ್ನೆಯಿಲ್ಲ, ಮತ ಕೇಳಿಲ್ಲ. ಎಳ್ಳು ಬೆಲ್ಲ ಅಷ್ಟೇ. ಇದರಲ್ಲಿ ತಪ್ಪೇನು ಎಂದುಕೊಂಡಿದ್ದೆ.

ನಾಲ್ಕನೆಯ ದಿನ ಒಬ್ಬರು ಬಂದರು. ಅವರು ನನ್ನ ಬಳಿ ಬರುತ್ತಿದ್ದುದು ಮನೆಯವರಿಗೆ ಗೊತ್ತಿರಬಾರದ ಕಾಯಿಲೆಗೆ. ಯಾವುದೆಂದು ಇಲ್ಲಿಯೂ ಹೇಳುವುದಿಲ್ಲ. ಎರಡು ಸ್ಟೇಷನ್ ದಾಟಿ ಬರುತ್ತಿದ್ದುದೇ ಆ ಕಾರಣಕ್ಕೆ. ಸಂದೇಶ ಬಂದಾಗ ಮೊಬೈಲ್ ಅವರ ತಮ್ಮನ ಕೈಯಲ್ಲಿತ್ತು. ಈ ಡಾಕ್ಟರ್ ಯಾರು, ನಮ್ಮ ಡಾಕ್ಟರರನ್ನು ಬಿಟ್ಟು ಅಲ್ಲಿಗೆ ಯಾಕೆ ಹೋಗುತ್ತೀಯೆ ಎಂಬ ಒಂದು ಪ್ರಶ್ನೆ ಸಾಕಾಯಿತು. ಅವರು ನನ್ನನ್ನು ಬೈಯಲಿಲ್ಲ. ಕುರ್ಚಿಯಲ್ಲಿ ಕೂರಲೂ ಇಲ್ಲ. "ನನ್ನ ಕೇಸ್ ಪೇಪರ್ ಕೊಡಿ" ಎಂದರು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ನಿಯಮವಿದೆ. ನಾನು ಎರಡು ನಿಮಿಷದಲ್ಲಿ ಕೊಟ್ಟೆ. ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಆಮೇಲೆ ಯಾರ ಬಳಿ ಔಷಧ ಮುಂದುವರಿಸಿದರೋ, ಮುಂದುವರಿಸಿದರೋ ಇಲ್ಲವೋ, ನನಗೆ ತಿಳಿಯಲಿಲ್ಲ.

ರೋಗಿಯ ಗುಟ್ಟು ಎಂದರೆ ಕಾಯಿಲೆಯ ಹೆಸರು ಎಂದು ನಾವು ತಿಳಿದಿರುತ್ತೇವೆ. ಅವನು ನಮ್ಮ ರೋಗಿ ಎಂಬುದೇ ಎಷ್ಟೋ ಸಲ ಗುಟ್ಟು. ನಿಯಮಗಳ 7.14ನೆಯ ಕಲಮು ವೃತ್ತಿಯಲ್ಲಿ ತಿಳಿದದ್ದನ್ನು ಹೊರಗೆ ಹೇಳಬಾರದು ಎನ್ನುತ್ತದೆ, ನ್ಯಾಯಾಲಯದ ಆದೇಶದಂಥ ಕೆಲವೇ ಸಂದರ್ಭ ಬಿಟ್ಟು. ಈಗ ಅದರ ಮೇಲೆ 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂದಿದೆ: ಒಂದು ಕೆಲಸಕ್ಕೆಂದು ಕೊಟ್ಟ ನಂಬರನ್ನು ಇನ್ನೊಂದು ಕೆಲಸಕ್ಕೆ ಬಳಸುವಂತಿಲ್ಲ ಎಂಬುದು ಅದರ ತಿರುಳು. ಆದರೆ ನಾನು ಅಂದು ತಪ್ಪಿದ್ದು ಕಾಯ್ದೆ ಇಲ್ಲದ್ದರಿಂದ ಅಲ್ಲ. ಅಭ್ಯರ್ಥಿಯಾದ ಕ್ಷಣದಿಂದ ನನ್ನ ಕಣ್ಣಿಗೆ ಆ ಪಟ್ಟಿ ರೋಗಿಗಳ ಪಟ್ಟಿಯಾಗಿ ಕಾಣುವುದು ನಿಂತಿತ್ತು.

ಅಂಕಣದಲ್ಲಿ ಇದೇ ತಪ್ಪನ್ನು ಸಣ್ಣದಾಗಿ ಅದಕ್ಕೂ ಮೊದಲೇ ಮಾಡಿದ್ದೆ. ಒಬ್ಬ ತಾಯಿಯ ಕತೆ ಬರೆಯುವಾಗ ಹೆಸರು ಬದಲಿಸಿದೆ, ಊರು ಬದಲಿಸಿದೆ, ಗಂಡನ ಕೆಲಸ ಬದಲಿಸಿದೆ. "ನಾಲ್ಕನೆಯದೂ ಹೆಣ್ಣು" ಎಂಬ ಎರಡು ಪದ ಉಳಿದುಹೋದವು. ಅವರ ಚಾಳಿನಲ್ಲಿ ಭಾನುವಾರ ಬೆಳಿಗ್ಗೆ ಎಂಟು ಗಂಟೆಯೊಳಗೆ ಎಲ್ಲರಿಗೂ ಗುರುತು ಸಿಕ್ಕಿತ್ತು. ಹೊರನಾಡಿನಲ್ಲಿ ನಮ್ಮವರ ಪ್ರಪಂಚ ಚಿಕ್ಕದು ಡಾಕ್ಟರೇ. ಬೆಂಗಳೂರಿನಲ್ಲಿ ಅಡಗುವ ಕತೆ ಡೊಂಬಿವಲಿಯ ಕನ್ನಡಿಗರ ನಡುವೆ ಅಡಗುವುದಿಲ್ಲ. ಗುರುತು ಸಿಗುವಂತೆ ರೋಗಿಯ ಪ್ರಕರಣ ಪ್ರಕಟಿಸಲು ಅವರ ಅನುಮತಿ ಬೇಕು ಎಂದು 7.17ನೆಯ ಕಲಮು ಹೇಳುತ್ತದೆ, ಅದಕ್ಕೆ ವೈದ್ಯಕೀಯ ಪತ್ರಿಕೆ, ದಿನಪತ್ರಿಕೆ ಎಂಬ ಭೇದವಿಲ್ಲ. ನೀವು ರಾಜಕೀಯಕ್ಕೆ ಬಂದ ಮೇಲೆ ಎದುರಾಳಿಗಳು ನಿಮ್ಮ ಹನ್ನೊಂದು ವರ್ಷದ ಅಂಕಣಗಳನ್ನು ಕೂತು ಓದುತ್ತಾರೆ. ಅಷ್ಟು ಶ್ರದ್ಧೆಯ ಓದುಗರು ನಿಮಗೆ ಈ ತನಕ ಸಿಕ್ಕಿರಲಾರರು. ಹಳೆಯ ಕತೆಗಳಲ್ಲಿ ಯಾರ ಗುರುತಾದರೂ ಉಳಿದಿದೆಯೇ ಎಂದು ಅವರಿಗಿಂತ ಮೊದಲು ನೀವು ಓದಿ.

ಇಷ್ಟೆಲ್ಲ ಇದ್ದೂ ವೈದ್ಯರು ಯಾಕೆ ಮತ್ತೆ ಮತ್ತೆ ಆ ಕಡೆ ಹೋಗುತ್ತಾರೆ? ಅಧಿಕಾರದ ಆಸೆ ಎನ್ನುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ, ಆದರೆ ಅದಷ್ಟೇ ಅಲ್ಲ. ಜರ್ಮನಿಯ ರುಡಾಲ್ಫ್ ವಿರ್ಕೋವ್ 1848ರಲ್ಲಿ ಸೈಲೇಶಿಯದ ಟೈಫಸ್ ಜ್ವರ ನೋಡಲು ಹೋದವರು ಬಡತನ ಮತ್ತು ದುರಾಡಳಿತದ ವರದಿ ಬರೆದು ಬಂದರು. ಅದೇ ವರ್ಷ ವೈದ್ಯಕೀಯ ಸುಧಾರಣೆಯ ವಾರಪತ್ರಿಕೆ ಹೊರಡಿಸಿದರು, ಆಮೇಲೆ ಬರ್ಲಿನ್ನಿನ ನಗರಸಭೆಗೆ ಹೋಗಿ ಊರಿನ ಒಳಚರಂಡಿಗಾಗಿ ದುಡಿದರು. ರೋಗಿಯಿಂದ ಬರಹಕ್ಕೆ, ಬರಹದಿಂದ ಚರಂಡಿಗೆ. ನೀವು ಈಗ ನಿಂತಿರುವುದೂ ಅದೇ ದಾರಿಯಲ್ಲಿ. ನಮ್ಮ ಮಗ್ಗುಲಲ್ಲೇ ಗೋವೆಯ ಅಸ್ಸೊಳ್ಣೆಯ ಡಾ. ಜುಲಿಯಾವ್ ಮೆನೆಜಿಸ್ ಇದ್ದರು. ಬರ್ಲಿನ್ನಿನಲ್ಲಿ ಓದುವಾಗ ರಾಮಮನೋಹರ ಲೋಹಿಯಾ ಅವರ ಪರಿಚಯವಾಯಿತು. ಮುಂಬಯಿಯಲ್ಲಿ ವೈದ್ಯರಾಗಿದ್ದುಕೊಂಡೇ ಗೋವೆಯ ಬಿಡುಗಡೆಗಾಗಿ ಪತ್ರಿಕೆ ನಡೆಸಿದರು. 1946ರಲ್ಲಿ ಲೋಹಿಯಾ ಬಂದಿಳಿದದ್ದು ಅವರ ಮನೆಗೇ. ಜೂನ್ 18ರಂದು ಮಡಗಾಂವಿನಲ್ಲಿ ಇಬ್ಬರೂ ಬಂಧನಕ್ಕೊಳಗಾದರು.

ನನ್ನ ಮಟ್ಟಿಗೆ ಎಲ್ಲರಿಗಿಂತ ಹತ್ತಿರದವರು ಅಕಾಸಿಯೊ ವೀಗಸ್. ಧೋಬಿ ತಲಾವಿನಲ್ಲಿ ಮೆಟ್ರೋ ಸಿನೆಮಾದ ಹತ್ತಿರ ಅವರ ಪ್ರತಿಮೆಯಿದೆ, ಅದರ ಪಕ್ಕದಲ್ಲಿ ಬಸ್ಸಿಗೆ ಕಾಯುವವರಿಗೆ ಅವರು ಯಾರೆಂದು ಗೊತ್ತಿರುವುದಿಲ್ಲ. ಗೋವೆಯಲ್ಲಿ ಹುಟ್ಟಿದ ವೈದ್ಯ, 1888ರಲ್ಲೇ ಮುಂಬಯಿ ಪಾಲಿಕೆಯ ಸದಸ್ಯ. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಹತ್ತಿರದ ಮಾಂಡವಿಯಲ್ಲಿ, ದವಸದ ಗೋದಾಮುಗಳ ನಡುವೆ, ಜ್ವರ ಮತ್ತು ಗಡ್ಡೆ ಕಂಡು ಇದು ಪ್ಲೇಗ್ ಎಂದು ಗುರುತಿಸಿದವರು. ಸ್ವಲ್ಪ ಯೋಚಿಸಿ. ಪಾಲಿಕೆಯ ಸದಸ್ಯನಾಗಿ ಅವರಿಗೆ ಗೊತ್ತಿತ್ತು, ಪ್ಲೇಗ್ ಎಂಬ ಪದ ಬಾಯಿಂದ ಹೊರಬಿದ್ದರೆ ಬಂದರು ಮುಚ್ಚುತ್ತದೆ, ವ್ಯಾಪಾರ ಬೀಳುತ್ತದೆ, ಸೇಟುಗಳು ಸಿಟ್ಟಾಗುತ್ತಾರೆ. ಆದದ್ದೂ ಹಾಗೆಯೇ, ಲಕ್ಷಾಂತರ ಜನ ಊರು ಬಿಟ್ಟರು. ಆದರೂ ಹೇಳಿದರು. ಅವರೊಳಗಿನ ಪಾಲಿಕೆ ಸದಸ್ಯ ವೈದ್ಯನ ಬಾಯಿ ಮುಚ್ಚಿಸಲಿಲ್ಲ. ಊರು ಅವರನ್ನು ದೂರವಿಡಲೂ ಇಲ್ಲ, ಹತ್ತು ವರ್ಷದ ಮೇಲೆ, 1906ರಲ್ಲಿ, ಪಾಲಿಕೆಯ ಅಧ್ಯಕ್ಷರಾದರು.

ಇದನ್ನು ಹೇಳಿ ನಿಮ್ಮನ್ನು ಹುರಿದುಂಬಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ನಾನು ವೀಗಸ್ ಆಗಲಿಲ್ಲ.

ಸೊಳ್ಳೆಯ ಹೊಗೆಯ ಬಗ್ಗೆ 2003ರಲ್ಲಿ ಒಂದು ಖಾರವಾದ ಅಂಕಣ ಬರೆದಿದ್ದೆ. ಹೊಗೆ ಸಾಯಿಸುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಗಳನ್ನು ಮಾತ್ರ, ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ, ಮೂರು ದಿನದಲ್ಲಿ ಹೊಸ ಸೊಳ್ಳೆ ಸಿದ್ಧ, ಇದು ನಗರಸೇವಕರ ನಾಟಕ ಎಂದೆಲ್ಲ. ಒಂದೊಂದು ವಾಕ್ಯವೂ ಸರಿಯಿತ್ತು. 2008ರ ಮಳೆಗಾಲದಲ್ಲಿ ನನ್ನ ವಾರ್ಡಿನಲ್ಲಿ ಹನ್ನೆರಡು ವರ್ಷದ ಹುಡುಗಿ ಡೆಂಗಿಯಿಂದ ತೀರಿಕೊಂಡಳು. ಸಂಜೆ ಜನ ಕಚೇರಿಯ ಮುಂದೆ ಬಂದು ಹೊಗೆ ಯಂತ್ರ ಯಾಕೆ ಬಂದಿಲ್ಲ ಎಂದು ಕೇಳಿದರು. ಮರಿಗಳ ಬಗ್ಗೆ ಹೇಳಲು ಬಾಯಿ ತೆರೆದೆ. ಹುಡುಗಿಯ ಮಾವ ನನ್ನ ಮುಖವನ್ನೇ ನೋಡುತ್ತಿದ್ದ. ಫೋನ್ ಎತ್ತಿ ಯಂತ್ರ ತರಿಸಿದೆ. ಗಲ್ಲಿಗಲ್ಲಿಗೆ ಬಿಳಿ ಹೊಗೆ, ಹಿಂದೆ ಓಡುವ ಮಕ್ಕಳು, ಚಪ್ಪಾಳೆ. ವಾರದೊಳಗೆ ಯಾರೋ ನನ್ನದೇ ಹಳೆಯ ಅಂಕಣವನ್ನು ಜೆರಾಕ್ಸ್ ಮಾಡಿಸಿ ಕಚೇರಿಯ ಬಾಗಿಲಿಗೆ ಅಂಟಿಸಿದ್ದರು, "ನಗರಸೇವಕರ ನಾಟಕ" ಎಂಬ ಪದಗಳ ಕೆಳಗೆ ಕೆಂಪು ಗೆರೆ ಎಳೆದು. ನಾನದನ್ನು ಕೀಳಿಸಲಿಲ್ಲ. ಮಳೆಗೆ ನೆನೆದು ತಾನಾಗಿ ಬಿತ್ತು.

ಅಂಕಣಕಾರನಿಗೆ ಆರುನೂರು ಪದ ಮತ್ತು ಎದುರು ಮಾತನಾಡದ ಓದುಗ ಸಿಗುತ್ತಾರೆ. ನಗರಸೇವಕನಿಗೆ ಹುಡುಗಿಯ ಮಾವ ಸಿಗುತ್ತಾನೆ. ಅಂಕಣ ಬರೆದು ಬರೆದು ನಮಗೆ ಒಂದು ಅಭ್ಯಾಸ ಬಂದಿರುತ್ತದೆ, ಸರಿಯಾದದ್ದನ್ನು ಹೇಳಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು. ಪಾಲಿಕೆಯಲ್ಲಿ ಕೆಲಸ ಶುರುವಾಗುವುದೇ ಅಲ್ಲಿಂದ.

ನಿಮ್ಮ ಗಲ್ಲಿಗಳ ಜ್ವರ ಯಾವುದೆಂದು ನೀವು ಬರೆದಿಲ್ಲ. ಅದನ್ನು ತಿಳಿಯದೆ ರಾಜಕೀಯಕ್ಕೆ ಹೋಗಬೇಡಿ, ಏಕೆಂದರೆ ಮೂರು ಜ್ವರಕ್ಕೆ ಮೂರು ವಿಳಾಸ. ಲೆಪ್ಟೊ ಆದರೆ ಇಲಿ, ಕಸ, ನಿಂತ ನೆರೆನೀರು. ಅದು ಹೆಚ್ಚಾಗಿ ಪಾಲಿಕೆಯ ಹೊಣೆ, ಅಲ್ಲಿ ನಗರಸೇವಕ ನಿಜವಾಗಿ ಏನಾದರೂ ಮಾಡಬಲ್ಲ. ಡೆಂಗಿ ಆದರೆ ಅದರ ಸೊಳ್ಳೆ ಮನೆಯೊಳಗಿನ ಹೂಕುಂಡದ ತಟ್ಟೆಯಲ್ಲಿ, ಫ್ರಿಜ್ಜಿನ ಹಿಂದಿನ ಟ್ರೇಯಲ್ಲಿ, ಮುಚ್ಚದ ಬಕೆಟ್ಟಿನಲ್ಲಿ ಹುಟ್ಟುತ್ತದೆ. ಅಂದರೆ ನೀವು ಬೆರಳು ತೋರಿಸಬೇಕಾದದ್ದು ಮತದಾರನ ಅಡುಗೆಮನೆಗೇ. ಮಲೇರಿಯಾ ಆದರೆ ನಮ್ಮ ನಗರಗಳಲ್ಲಿ ಅದನ್ನು ಹರಡುವ ಸೊಳ್ಳೆಗೆ ಮಹಡಿಯ ಮೇಲಿನ ಟ್ಯಾಂಕಿನ ತಿಳಿನೀರು, ಕಟ್ಟಡ ಕಟ್ಟುವಲ್ಲಿ ನಿಂತ ನೀರು ಇಷ್ಟ. ಆಗ ನೋಟಿಸ್ ಹೋಗಬೇಕಾದದ್ದು ಹೌಸಿಂಗ್ ಸೊಸೈಟಿಗೆ ಮತ್ತು ಬಿಲ್ಡರಿಗೆ. ಚುನಾವಣೆಯ ಖರ್ಚಿಗೆ ಮೊದಲು ಕೈ ನೀಡುವವರು ಯಾರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ಪ್ರಚಾರಕ್ಕೆ ಅಂಗಳ ಕೊಟ್ಟಿದ್ದ ಸೊಸೈಟಿಯೊಂದರ ಟ್ಯಾಂಕಿಗೆ ಮುಚ್ಚಳವಿರಲಿಲ್ಲ. ಕೀಟನಾಶಕ ವಿಭಾಗದವರಿಂದ ನೋಟಿಸ್ ಕಳುಹಿಸಿದೆ, ಮುಚ್ಚಳ ಬಂತು. ಆ ಬೂತಿನಲ್ಲಿ 2012ರಲ್ಲಿ ನನಗೆ ಬಿದ್ದ ಮತ 31. ಸೋತದ್ದಕ್ಕೆ ಅದೊಂದೇ ಕಾರಣ ಎಂದು ಹೇಳಿ ನನ್ನನ್ನು ನಾನೇ ದೊಡ್ಡವಳಾಗಿಸಿಕೊಳ್ಳುವುದಿಲ್ಲ. ಎದುರಾಳಿ ನನಗಿಂತ ಚೆನ್ನಾಗಿ ಕೆಲಸ ಮಾಡಿದ್ದರು.

ಈಗ ನಿಮ್ಮ ಮುಂದಿರುವ ದಾರಿಗಳು. ನಿಲ್ಲುವುದಾದರೆ ಪೂರ್ತಿ ನಿಲ್ಲಿ. ಅಭ್ಯರ್ಥಿ ಎಂದು ಹೆಸರು ಹೊರಬಿದ್ದ ದಿನವೇ ಅಂಕಣ ನಿಲ್ಲಿಸಿ, ಓದುಗರಿಗೆ ಕಾರಣ ಹೇಳಿಯೇ ನಿಲ್ಲಿಸಿ. ಇಲ್ಲದಿದ್ದರೆ ನಿಮ್ಮ ಮಲೇರಿಯಾ ಲೇಖನವನ್ನೂ ಕಾಸಿಗೆ ಹಾಕಿಸಿದ ಸುದ್ದಿ ಎನ್ನುತ್ತಾರೆ, ಸಂಪಾದಕರಿಗೂ ಮುಜುಗರ. ದವಾಖಾನೆಯಲ್ಲಿ ಪಕ್ಷದ ಕ್ಯಾಲೆಂಡರ್ ಕೂಡ ಬೇಡ. ನಲ್ಲಿಯ ದೂರು ತಂದವರಿಗೆ ಬೇರೆ ಜಾಗ, ಬೇರೆ ಹೊತ್ತು ಇಡಿ. ನಾನು ಇಡಲಿಲ್ಲ. ಬಿಪಿ ನೋಡಿಸಲು ಬಂದವರು ಪಟ್ಟಿ ಕಟ್ಟಿಸಿಕೊಳ್ಳುತ್ತಲೇ ಗಟಾರದ ಕತೆ ಹೇಳುತ್ತಿದ್ದರು, ನಾನು ಗಟಾರ ಬರೆದುಕೊಂಡು ಬಿಪಿ ಬರೆಯಲು ಮರೆಯುತ್ತಿದ್ದೆ. ದಿನದಲ್ಲಿ ಎಷ್ಟು ಗಂಟೆ ರೋಗಿಗಳಿಗೆ ಉಳಿಯುತ್ತದೆ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಎರಡು ಗಂಟೆಗಿಂತ ಕಡಿಮೆಯಾದರೆ ಬೇರೊಬ್ಬ ವೈದ್ಯರನ್ನು ಕೂರಿಸಿ.

ಎರಡನೆಯದು ಸ್ವೀಕೃತ ನಗರಸೇವಕನಾಗುವುದು. ಪಾಲಿಕೆಯ ಆಡಳಿತದಲ್ಲಿ ವಿಶೇಷ ತಿಳಿವಳಿಕೆಯುಳ್ಳವರನ್ನು ನಾಮನಿರ್ದೇಶನ ಮಾಡಲು ಸಂವಿಧಾನದ 243ಆರ್ ವಿಧಿಯಲ್ಲಿ ಅವಕಾಶವಿದೆ. ಮಾತನಾಡಬಹುದು, ಸಭೆಯಲ್ಲಿ ಮತ ಹಾಕುವಂತಿಲ್ಲ. ವೈದ್ಯರಿಗಾಗಿಯೇ ಮಾಡಿದಂತಿರುವ ಈ ಜಾಗ ಹೆಚ್ಚಾಗಿ ಟಿಕೆಟ್ ಸಿಗದವರನ್ನು ಸಮಾಧಾನ ಮಾಡಲು ಹೋಗುತ್ತದೆ ಎಂಬುದು ಬೇರೆ ಮಾತು. ಪಕ್ಷಕ್ಕೆ ನಿಮ್ಮ ಜ್ಞಾನ ಬೇಕೋ ಮುಖ ಬೇಕೋ ಎಂದು ತಿಳಿಯಲು ಒಳ್ಳೆಯ ಉಪಾಯ: ಚುನಾವಣೆ ಬೇಡ, ಸ್ವೀಕೃತ ಸದಸ್ಯನಾಗುತ್ತೇನೆ ಎಂದು ಹೇಳಿ ನೋಡಿ.

ಪಕ್ಷದ ವೈದ್ಯಕೀಯ ಘಟಕಕ್ಕೆ ಸೇರಿ ಉಚಿತ ಶಿಬಿರ ಮಾಡುವುದು ಮೂರನೆಯದು. ಅದು ನನಗೆ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಬ್ಯಾನರಿನಲ್ಲಿ ನಿಮ್ಮ ಫೋಟೋ, ಕೆಳಗೆ ಸಕ್ಕರೆ ಪರೀಕ್ಷೆ. ಅರ್ಧ ಜಾಹೀರಾತು, ಅರ್ಧ ಆಮಿಷ. ಸಕ್ಕರೆ ಹೆಚ್ಚು ಎಂದು ಹೇಳಿಸಿಕೊಂಡು ಹೋದವರನ್ನು ಮರುವಾರ ಯಾರೂ ವಿಚಾರಿಸುವುದಿಲ್ಲ.

ನಾಲ್ಕನೆಯದು ಅಂಕಣದಲ್ಲೇ ಉಳಿದು ಅದರ ದಿಕ್ಕು ತಿರುಗಿಸುವುದು. ಇದನ್ನು ಸಣ್ಣದೆಂದು ತಿಳಿಯಬೇಡಿ. ಪುಣೆಯ ಬಾಬಾ ಆಢಾವ್ ನಾನಾ ಪೇಠೆಯ ದವಾಖಾನೆಯಿಂದ ಹೊರಟು ಹಮಾಲರ ಸಂಘಟನೆ ಕಟ್ಟಿದರು. ನಗರಸೇವಕರೂ ಆಗಿದ್ದರು, ಆದರೆ ಊರು ಅವರನ್ನು ನೆನೆಯುವುದು ಹಮಾಲರಿಂದಾಗಿ. ನರೇಂದ್ರ ದಾಭೋಲ್ಕರ್ ಎಂಬಿಬಿಎಸ್ ಓದಿ ಹನ್ನೆರಡು ವರ್ಷದ ಮೇಲೆ ವೃತ್ತಿ ಬಿಟ್ಟವರು. 1998ರಿಂದ ವಾರಪತ್ರಿಕೆಯೊಂದನ್ನು ಸಂಪಾದಿಸುತ್ತ, ಮೂಢನಂಬಿಕೆ ವಿರೋಧಿ ಕಾಯ್ದೆಗಾಗಿ ಸರ್ಕಾರಗಳ ಬಾಗಿಲು ತಟ್ಟುತ್ತ ಇದ್ದರು, ಯಾವ ಸದನದಲ್ಲೂ ಕೂರದೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಕೊಂದರು, ಅದೇ ವಾರ ಸುಗ್ರೀವಾಜ್ಞೆ ಬಂತು. ಬರಹವೂ ಸುರಕ್ಷಿತ ದಾರಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಮಟ್ಟಿಗೆ ಮಾಡಬಹುದಾದದ್ದು ಇದು: ಒಂದು ಮಳೆಗಾಲ ಪೂರ್ತಿ, ಯಾವ ಗಲ್ಲಿಯಿಂದ ಯಾವ ಜ್ವರ ಎಷ್ಟು ಬಂತು ಎಂದು ಹೆಸರಿಲ್ಲದೆ ಗೆರೆ ಹಾಕಿಡಿ. ಮಾಹಿತಿ ಹಕ್ಕಿನಡಿ ಆ ಗಲ್ಲಿಗಳ ಚರಂಡಿ ಸ್ವಚ್ಛತೆಯ ದಾಖಲೆ ಕೇಳಿ. ಎರಡನ್ನೂ ಅಕ್ಕಪಕ್ಕ ಇಟ್ಟು ಬರೆಯಿರಿ, ಮರಾಠಿಗೆ ಮಾಡಿಸಿ ಅಲ್ಲಿನ ಪತ್ರಿಕೆಗೂ ಕೊಡಿ. ನಿಮ್ಮ ಮತದಾರರು ಓದುವುದು ಅದನ್ನೇ.

ನನ್ನ ಅಭಿಪ್ರಾಯ ಕೇಳಿದ್ದೀರಿ. ಈ ಬಾರಿ ಬೇಡ ಎನ್ನುತ್ತೇನೆ. ಒಂದು ಮಳೆಗಾಲದ ಆ ಲೆಕ್ಕ ಕೈಯಲ್ಲಿ ಇಲ್ಲದೆ ಹೋದರೆ ನೀವು ಪ್ಯಾನೆಲಿಗೆ ಒಳ್ಳೆಯ ಮುಖವಾಗುತ್ತೀರಿ, ಅಷ್ಟೇ. ಲೆಕ್ಕ ಸಿದ್ಧವಾದ ಮೇಲೂ ಹೋಗಬೇಕೆನಿಸಿದರೆ ಹೋಗಿ. ಆಗ ಕೇಳಬೇಕಾದದ್ದು ಏನೆಂದು ನಿಮಗೆ ಗೊತ್ತಿರುತ್ತದೆ.

ಅದಕ್ಕೂ ಮೊದಲು, ಕಾರಣ ಹೇಳದ ನಿಮ್ಮ ಪತ್ನಿಯವರನ್ನು ಇನ್ನೊಮ್ಮೆ ಕೇಳಿ. "ಯಾಕೆ ಬೇಡ" ಎಂದು ಕೇಳಬೇಡಿ. ನಾನು ನಿಂತರೆ ಯಾರು ಯಾರು ನಮ್ಮಲ್ಲಿಗೆ ಬರುವುದು ಬಿಡಬಹುದು ಎಂದು ಕೇಳಿ. ಕೌಂಟರಿನಲ್ಲಿ ಕೂರುವವರು ಅವರು. ಯಾರು ಸುತ್ತ ನೋಡಿ ಒಳಗೆ ಬರುತ್ತಾರೆ, ಯಾರು ಇನ್ನೊಬ್ಬರನ್ನು ಕಂಡು ಬಾಗಿಲಲ್ಲೇ ತಿರುಗುತ್ತಾರೆ ಎಂಬುದು ಒಳಗೆ ಕೂತ ನಮಗೆ ಕಾಣುವುದಿಲ್ಲ. ನನ್ನ ಕಂಪೌಂಡರ್ ನನಗೆ ಅಂಥ ಹನ್ನೊಂದು ಮನೆಗಳ ಹೆಸರು ಹೇಳಿದ್ದು ನಾನು ಸೋತು ಒಂದು ವರ್ಷವಾದ ಮೇಲೆ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳಲಿಲ್ಲವಲ್ಲ ಅಮ್ಮ" ಎಂದ.